ಹೊಸ ಸವಾರನ ಆರು ಸಾವಿರ ರೂಪಾಯಿ

ನಮ್ಮ ಸೋದರಳಿಯನೊಬ್ಬನು ಕಳೆದ ತಿಂಗಳು ಮೋಟಾರು ಸೈಕಲ್ಲನ್ನು ಕೊಂಡನು. ಬೆಲೆಯು ಒಂದು ಲಕ್ಷವನ್ನು ಮೀರಿದ್ದಿತು, ಬಹುಪಾಲು ಸಾಲ. ಪೂಜೆ ಮುಗಿದು, ಚಕ್ರದಡಿಯ ನಿಂಬೆಹಣ್ಣು ಹಿಸುಕಿದ ಮರುದಿನ, ತಾಯಿಯೊಡನೆ ನಮ್ಮ ಮನೆಗೆ ಬಂದನು. ರಸ್ತೆಯ ಬದಿಯಲ್ಲಿ ಮುನ್ನೂರು ರೂಪಾಯಿಗೆ ಕೊಂಡ, ಟೊಪ್ಪಿಗೆಯಂತಹ ಹೆಲ್ಮೆಟ್ಟೊಂದು ತಲೆಯ ಮೇಲಿದ್ದಿತು. "ಪೋಲೀಸಿನವರಿಗೆ ಇಷ್ಟು ಸಾಕು ಮಾವ" ಎಂದನು. ಕಾಯಬೇಕಾದುದು ಪೋಲೀಸಿನವರ ತಲೆಯನ್ನೋ ನಿನ್ನ ತಲೆಯನ್ನೋ ಎಂದು ಕೇಳಿದೆವು. ನಕ್ಕನು, ಆದರೆ ತನ್ನಲ್ಲಿ ಉಳಿದಿರುವುದು ಆರು ಸಾವಿರ ಮಾತ್ರವೆಂದೂ, ಅದರಲ್ಲಿ ಏನೇನನ್ನು ಕೊಳ್ಳಬೇಕೆಂಬುದನ್ನು ನಾವೇ ಹೇಳಬೇಕೆಂದೂ ಕುಳಿತುಕೊಂಡನು. ಇಂತಹ ತರುಣರು ವಾಚಕರ ಮನೆಗಳಲ್ಲಿಯೂ ಇರುವರಾದುದರಿಂದ ಆ ಲೆಕ್ಕವನ್ನು ಇಲ್ಲಿ ಬರೆಯುತ್ತೇವೆ.

ಸಂಸ್ಕೃತದಲ್ಲಿ ತಲೆಗೆ ಉತ್ತಮಾಂಗವೆಂದು ಹೆಸರು. ಹಣವು ಅಲ್ಪವಾಗಿದ್ದಾಗ ವಿನಿಯೋಗದ ಕ್ರಮವನ್ನು ಈ ಪದವೊಂದೇ ತಿಳಿಸುತ್ತದೆ. ಹೆಲ್ಮೆಟ್ಟಿನಲ್ಲಿ ತಲೆಯನ್ನು ಕಾಯತಕ್ಕದ್ದು ಹೊಳೆಯುವ ಹೊರಚಿಪ್ಪೊಂದೇ ಅಲ್ಲ. ಒಳಗಿನ ಥರ್ಮೋಕೋಲಿನ ದಪ್ಪ ಪದರವು ಪೆಟ್ಟಿಗೆ ತಾನು ಜಜ್ಜಿಹೋಗಿ, ಮೆದುಳಿಗೆ ತಗಲುವ ಆಘಾತವನ್ನು ತಗ್ಗಿಸುತ್ತದೆ. ಒಮ್ಮೆ ಜಜ್ಜಿದ ಪದರವು ಎರಡನೆಯ ಪೆಟ್ಟಿಗೆ ಒದಗುವುದಿಲ್ಲ. ಆದಕಾರಣ ಜಾಕೆಟ್ಟನ್ನು ಬೇಕಾದರೆ ಯಾರಾದರೂ ತೊಟ್ಟು ಬಿಟ್ಟದ್ದನ್ನು ಕೊಳ್ಳಬಹುದು, ಹೆಲ್ಮೆಟ್ಟನ್ನು ಕೊಳ್ಳಕೂಡದು. ಅದು ಎಲ್ಲಿ ಬಿದ್ದಿತ್ತೆಂಬುದನ್ನು ಮಾರುವವನು ಹೇಳುವುದಿಲ್ಲ. ಐ.ಎಸ್.ಐ. ಗುರುತೂ ಐ.ಎಸ್. 4151 ಎಂಬ ಸಂಖ್ಯೆಯೂ ಇರಬೇಕು. ಈ ಗುರುತಿಲ್ಲದುದನ್ನು ಮಾರಕೂಡದೆಂಬ ಕೇಂದ್ರ ಸರ್ಕಾರದ ಆಜ್ಞೆಯು 2021ನೆಯ ಇಸವಿ ಜೂನ್ 1ರಿಂದ ಜಾರಿಗೆ ಬಂದಿದೆ. ಆದರೂ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಲ್ಲರು. ಗುರುತಿನೊಡನಿರುವ ಲೈಸೆನ್ಸು ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿ ನೋಡಿದರೆ ನಿಜವು ಹೊರಬೀಳುತ್ತದೆ.

ಬೆಲೆಗಿಂತಲೂ ಅಳತೆಯು ಮುಖ್ಯ. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ದರ್ಜಿಯ ಟೇಪಿನಿಂದ ತಲೆಯ ಸುತ್ತಳತೆಯನ್ನು ಮನೆಯಲ್ಲಿಯೇ ತೆಗೆದುಕೊಂಡು ಹೋಗಬೇಕು. ತೊಟ್ಟು ತಲೆಯನ್ನಲ್ಲಾಡಿಸಿದರೆ ಕೆನ್ನೆಯ ಚರ್ಮವು ಹೆಲ್ಮೆಟ್ಟಿನೊಡನೆಯೇ ಚಲಿಸಬೇಕು; ಗದ್ದದ ಪಟ್ಟಿಯನ್ನು ಬಿಗಿದು ಹಿಂದಿನಿಂದ ಮೇಲಕ್ಕೆತ್ತಿದರೆ ಮುಂದಕ್ಕೆ ಕಳಚಿ ಬರಕೂಡದು. ಅಂಗಡಿಯವನು ಗೊಣಗಿದರೂ ಹತ್ತು ನಿಮಿಷ ತೊಟ್ಟೇ ಇರತಕ್ಕದ್ದು.

ಪಟ್ಟಿಯ ವಿಷಯವನ್ನು ನಾವು ಸುಮ್ಮನೆ ಹೇಳುತ್ತಿಲ್ಲ. ನಮ್ಮೊಡನೆ ವ್ಯಾಕರಣವನ್ನು ಪಾಠ ಹೇಳುತ್ತಿದ್ದ ಉಪಾಧ್ಯಾಯರೊಬ್ಬರು ಮಳೆಗಾಲದ ಒಂದು ಸಂಜೆ ಸ್ಕೂಟರಿನಿಂದ ಜಾರಿ ಬಿದ್ದರು. ಹೆಲ್ಮೆಟ್ಟು ಒಳ್ಳೆಯದೇ, ಪಟ್ಟಿಯನ್ನು ಹಾಕಿರಲಿಲ್ಲ. ಅದು ಮೊದಲೇ ಹಾರಿ ಚರಂಡಿಯ ಹುಲ್ಲಿನಲ್ಲಿ ಬಿದ್ದಿದ್ದಿತು, ಒಂದು ಗೀರೂ ಇಲ್ಲದೆ. ಅವರು ಬದುಕಿಕೊಂಡರು. ಪಾಣಿನಿಯ ಸೂತ್ರಗಳು ಈಗಲೂ ಬಾಯಿಗೆ ಬರುತ್ತವೆ. ಎದುರಿಗೆ ನಿಂತ ಮಗಳ ಹೆಸರು ಬರುವುದಿಲ್ಲ.

ಬೀಳುವವನು ಮೊದಲು ಕೈಯೂರುತ್ತಾನೆ. ಆದುದರಿಂದ ಎರಡನೆಯದು ಅಂಗೈಗೆ ಗಟ್ಟಿ ಮೆತ್ತೆಯುಳ್ಳ ಕೈಗವಸು. ಮೂರನೆಯದು ಮೊಳಕಾಲಿಗೆ ಕಟ್ಟುವ ಕವಚ. ಬೂಟಿಗೆ ಖರ್ಚಾಗಲಿಲ್ಲ, ಕಾಲೇಜಿನ ಎನ್.ಸಿ.ಸಿ. ಬೂಟುಗಳು ಕಾಲಿನ ಹರಡನ್ನು ಮುಚ್ಚುವಷ್ಟು ಎತ್ತರವಾಗಿದ್ದುವು. ಜಾಕೆಟ್ಟಿನ ಹೆಗಲಿನಲ್ಲಿಯೂ ಮೊಳಕೈಯಲ್ಲಿಯೂ ಇ.ಎನ್. 1621 ಎಂಬ ಗುರುತಿನ ಮೆತ್ತೆಗಳಿರಬೇಕು. ತೀರ ಅಗ್ಗದವುಗಳಲ್ಲಿ ಬರಿಯ ಸ್ಪಂಜನ್ನು ತುಂಬಿರುವುದುಂಟು. ನಮ್ಮ ಬಿಸಿಲಿಗೆ ಗಾಳಿಯಾಡುವ ಬಲೆಬಟ್ಟೆಯದೇ ಲೇಸು. ಸೆಕೆಯೆಂದು ಬಿಟ್ಟುಹೋದ ಜಾಕೆಟ್ಟು ಮನೆಯ ಗೂಟವನ್ನು ಮಾತ್ರ ಕಾಯುತ್ತದೆ.

ಹೆಲ್ಮೆಟ್ಟಿಗೆ 2,300, ಕೈಗವಸಿಗೆ 1,100, ಮೊಳಕಾಲಿಗೆ 900. ಮಿಕ್ಕ 1,700 ರೂಪಾಯಿಗಳನ್ನು ಜಾಕೆಟ್ಟಿಗೆಂದು ಎತ್ತಿಡುವುದಾಗಿ ನಿಶ್ಚಯಿಸಿದೆವು. ಅಷ್ಟರಲ್ಲಿ ಕಾಫಿಯನ್ನು ತಂದ ನಮ್ಮ ತಂಗಿಯು, "ಶುಕ್ರವಾರ ದೇವಸ್ಥಾನಕ್ಕೆ ಹಿಂದೆ ಕೂರುವವಳು ನಾನಲ್ಲವೇ ಅಣ್ಣ?" ಎಂದಳು. ಹಿಂದೆ ಕೂರುವವರಿಗೂ ಕರ್ನಾಟಕದಲ್ಲಿ 2016ರಿಂದ ಹೆಲ್ಮೆಟ್ಟು ಕಡ್ಡಾಯ. ಅದನ್ನು ಬಲ್ಲ ನಾವಿಬ್ಬರೂ ಮರೆತಿದ್ದೆವು.

ಆಕೆಯದಕ್ಕೆ 1,600 ಆಯಿತು. ಜಾಕೆಟ್ಟು ಮುಂದಿನ ಸಂಬಳಕ್ಕೆ ನಿಂತಿದೆ. ಅಲ್ಲಿಯವರೆಗೆ ಹೆದ್ದಾರಿಗೆ ಹೋಗುವುದಿಲ್ಲವೆಂದು ಹುಡುಗನು ಒಪ್ಪಿದ್ದಾನೆ.