ಯಾವ ಗಾಡಿಗೆ ಯಾವ ಸುದ್ದಿ?

ಬೆಂಗಳೂರಿನಿಂದ ಹೊರಟ ರೈಲುಹಾದಿ ಕಡೂರನ್ನು ದಾಟಿ ಬೀರೂರಿನಲ್ಲಿ ಕವಲೊಡೆಯುವುದನ್ನು ವಾಚಕರು ಬಲ್ಲರು. ಒಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗೆಗೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ. ತರೀಕೆರೆಯ ಬಳಿ ಹಳಿ ದುರಸ್ತಿಯಾಗುತ್ತಿದ್ದರೆ ಆ ಸುದ್ದಿ ಶಿವಮೊಗ್ಗೆಯ ಗಾಡಿಗೆ ತಲುಪಲೇಬೇಕು. ಅದೇ ಸುದ್ದಿಗಾಗಿ ಅಜ್ಜಂಪುರದ ಗಾಡಿಯನ್ನೂ ತಡೆದರೆ ವೃಥಾ ಕಾಲಹರಣ. ಶಿವಮೊಗ್ಗೆಯ ಗಾಡಿಗೇ ತಿಳಿಸದೆ ಹೋದರೆ ಅಪಾಯ.

ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳ ಪಾಡೂ ಇದೇ. ದೊಡ್ಡದೊಂದು ಪ್ರೋಗ್ರಾಂ ಎಂದರೆ ಸಾವಿರಾರು ಕಡತಗಳ ಸಂಸಾರ. ಅವುಗಳನ್ನು ಕಂಪೈಲರ್ ಎಂಬುದು ಯಂತ್ರದ ಭಾಷೆಗೆ ತಿರುಗಿಸಬೇಕು. ಒಂದು ಸಾಲು ತಿದ್ದಿದಾಗಲೆಲ್ಲ ಎಲ್ಲವನ್ನೂ ಮತ್ತೆ ತಿರುಗಿಸುತ್ತ ಕುಳಿತರೆ ಹೊತ್ತು ಕಳೆದೀತೇ ಹೊರತು ಕೆಲಸ ಸಾಗದು.

1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೂಅರ್ಟ್ ಫೆಲ್ಡ್‌ಮನ್ ಇದಕ್ಕೆ 'ಮೇಕ್' ಎಂಬ ಸಾಧನವನ್ನು ರಚಿಸಿದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಬೆಳಗಿನ ಹೊತ್ತೆಲ್ಲ ತಪ್ಪು ಹುಡುಕಿ ರೇಗಿಹೋಗಿದ್ದರಂತೆ. ತಿದ್ದಿದ ಕಡತವನ್ನು ಮತ್ತೆ ತಿರುಗಿಸಿಯೇ ಇರಲಿಲ್ಲ! ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ಪಟ್ಟಿಯನ್ನು ಕೊಟ್ಟರೆ, ಮೇಕ್ ಕಡತಗಳ ವೇಳೆಯನ್ನು ಹೋಲಿಸಿ, ಮೂಲವು ಹೊಸದಾದಲ್ಲಿ ಮಾತ್ರ ಕೆಲಸ ನಡೆಸುತ್ತದೆ.

ಆದರೆ ಪಟ್ಟಿ ಬರೆಯುವವರಾರು? ಮನುಷ್ಯ ಮರೆಯುತ್ತಾನೆ. ಆದುದರಿಂದ ತಾನು ಓದಿದ ಕಡತಗಳ ಹೆಸರನ್ನು ಕಂಪೈಲರೇ ಬರೆದಿಡುವ ಪದ್ಧತಿ ಬಂದಿತು. ಆಗ ಬೇರೊಂದು ತೊಡಕು. ಪುಟ್ಟ ಕಡತವೊಂದು ವ್ಯವಸ್ಥೆಯೊಡನೆ ಬಂದ ಎಷ್ಟೋ ಕಡತಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಪ್ರತಿ ಸಲವೂ ಅವೆಲ್ಲವನ್ನೂ 'ನೀನು ಬದಲಾದೆಯಾ?' ಎಂದು ವಿಚಾರಿಸಬೇಕು. ಅಪರೂಪಕ್ಕೆ ಬದಲಾಗುವ ಅವುಗಳನ್ನು ಬಿಟ್ಟು ಪಟ್ಟಿ ಮಾಡುವ ಏರ್ಪಾಡು 'ಜಿಸಿಸಿ' ಎಂಬ ಕಂಪೈಲರಿನಲ್ಲಿ ಉಂಟು. ಹಾಗೆ ಬಿಟ್ಟವರು, ವ್ಯವಸ್ಥೆಯನ್ನೇ ನವೀಕರಿಸಿದ ದಿನ ಎಲ್ಲವನ್ನೂ ಒಮ್ಮೆ ಹೊಸದಾಗಿ ತಿರುಗಿಸುವುದನ್ನು ಮರೆಯಬಾರದು.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಆಯ್ಕೆಗಳೆಲ್ಲ ಒಂದೇ ಕಡತದಲ್ಲಿ ಕೂಡಿರುತ್ತವೆ. ಉಳಿದವೆಲ್ಲ ಅದನ್ನು ಓದುತ್ತವೆ. ಒಂದು ಆಯ್ಕೆ ಬದಲಾದರೂ ಸಮಸ್ತವೂ ಮತ್ತೆ ಸಿದ್ಧವಾಗಬೇಕಿತ್ತು. ಕೈ ಗೆರ್ಮಾಶೆವ್ಸ್ಕಿ ಎಂಬವರು 2002ರಲ್ಲಿ ಬರೆದ 'ಫಿಕ್ಸ್‌ಡೆಪ್' ಎಂಬ ಕಿರುಸಾಧನವು ಪಟ್ಟಿಯಿಂದ ಆ ದೊಡ್ಡ ಕಡತದ ಹೆಸರನ್ನು ತೆಗೆದು, ಪ್ರತಿಯೊಂದು ಕಡತವೂ ತನ್ನಲ್ಲಿ ಹೆಸರಿಸಿದ ಆಯ್ಕೆಗಳನ್ನು ಮಾತ್ರ ಅಲ್ಲಿ ಸೇರಿಸುತ್ತದೆ. ತರೀಕೆರೆಯ ಸುದ್ದಿ ತರೀಕೆರೆಯ ಗಾಡಿಗೆ ಮಾತ್ರ!

ಹಾಗೆಂದು ಪಟ್ಟಿಯನ್ನು ಕಿರಿದಾಗಿಸುವುದೇ ಜಾಣತನವೆಂದು ಭಾವಿಸಬಾರದು. ಉದ್ದವಾದ ಪಟ್ಟಿ ಹೊತ್ತನ್ನು ತಿನ್ನುತ್ತದೆ. ಅದು ಕಣ್ಣಿಗೆ ಕಾಣುವ ನಷ್ಟ. ಬೇಕಾದ ಹೆಸರು ಬಿಟ್ಟುಹೋದ ಪಟ್ಟಿಯಾದರೋ ಸದ್ದಿಲ್ಲದೆ ಹಳೆಯದನ್ನೇ ಹೊಸದೆಂದು ಒಪ್ಪಿಸಿಬಿಡುತ್ತದೆ. ಹೆಸರೊಂದನ್ನು ಅಳಿಸುವ ಮುನ್ನ ಒಂದೇ ಪ್ರಶ್ನೆ: ಇದು ಬದಲಾದರೆ ಫಲವೂ ಬದಲಾದೀತೆ? 'ಇಲ್ಲ' ಎಂದು ಖಚಿತವಾದರೆ ಅಳಿಸಬಹುದು. 'ತಿಳಿಯದು' ಎಂದಾದರೆ ಇರಗೊಡುವುದೇ ಲೇಸು.