ಸಾಕ್ಷ್ಯ ಮತ್ತು ಪ್ರತಿರೋಧ

ಶತ್ರುವನ್ನು ಸೋಲಿಸುವ ಬಲವಿಲ್ಲದಿರುವಾಗ, ಅವನ ಕ್ರೌರ್ಯವನ್ನು ಕಣ್ಣಾರೆ ಕಂಡು ಹೊರಜಗತ್ತಿಗೆ ತಿಳಿಸುವುದನ್ನು ಪ್ರತಿರೋಧವೆನ್ನಬಹುದೇ, ಅದರಲ್ಲೂ ಕೇಳಿದವರು ಕೈಕಟ್ಟಿ ಕುಳಿತಾಗ? ಪೋಲೆಂಡಿನ ಅಶ್ವದಳದ ಅಧಿಕಾರಿ ವಿಟೋಲ್ಡ್ ಪಿಲೆಟ್ಸ್ಕಿಯ ಬದುಕು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಡುತ್ತದೆ. 1939ರಲ್ಲಿ ದೇಶ ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳ ಪಾಲಾದ ಮೇಲೆ ಭೂಗತ ಸಂಘಟನೆಯೊಂದನ್ನು ಕಟ್ಟಿದವರಲ್ಲಿ ಒಬ್ಬನಾದ ಆತ, 1940ರ ಸೆಪ್ಟೆಂಬರ್ 19ರಂದು ನಾಜಿಗಳು ವಾರ್ಸಾದ ಜನರನ್ನು ಹಿಡಿದೊಯ್ಯುತ್ತಿದ್ದಾಗ ಹುಸಿ ಹೆಸರಿನಲ್ಲಿ ತಾನಾಗಿಯೇ ಸೆರೆಯಾಗಿ, ಆಶ್ವಿಟ್ಜ್ ಯಾತನಾಶಿಬಿರದ 4859ನೆಯ ಕೈದಿಯಾದ.

ಅಲ್ಲಿ ಆತ ಕಟ್ಟಿದ ಗುಪ್ತ ಸಂಘಟನೆ ಐದೈದು ಜನರ ಗುಂಪುಗಳಾಗಿ ಬೆಳೆಯಿತು; ಒಂದು ಗುಂಪಿಗೆ ಇನ್ನೊಂದರ ಪರಿಚಯವಿಲ್ಲದ್ದರಿಂದ, ಒಬ್ಬನನ್ನು ಹಿಂಸಿಸಿ ಬಾಯಿಬಿಡಿಸಿದರೂ ಇಡೀ ಜಾಲ ಬಯಲಾಗುವಂತಿರಲಿಲ್ಲ. ಬಂಡಾಯಕ್ಕೆ ಅಣಿಯಾಗುವುದು ಅದರ ಗುರಿಗಳಲ್ಲಿ ಒಂದಾಗಿದ್ದರೂ, ದಿನದಿನದ ಕೆಲಸ ಸೊರಗಿದವರಿಗೆ ಆಹಾರ, ಬಟ್ಟೆ ಒದಗಿಸುವುದು ಮತ್ತು ಹೊರಗಿನ ಸುದ್ದಿ ಮುಟ್ಟಿಸಿ ಧೈರ್ಯ ಉಳಿಸುವುದಾಗಿತ್ತು. ಹಸಿವಿನಿಂದ ಕೈದಿಯನ್ನು ಕೈದಿಗೇ ಎದುರಾಳಿಯಾಗಿಸುತ್ತಿದ್ದ ಶಿಬಿರದಲ್ಲಿ ಪರಸ್ಪರ ನಂಬಿಕೆಯನ್ನು ಉಳಿಸಿದ್ದೇ ಮೊದಲ ಪ್ರತಿರೋಧ. ಬಿಡುಗಡೆಯಾದವರ, ತಪ್ಪಿಸಿಕೊಂಡವರ ಮೂಲಕ ವರದಿಗಳು ವಾರ್ಸಾಗೂ, ಅಲ್ಲಿಂದ ಲಂಡನ್ನಿನಲ್ಲಿ ನೆಲೆಸಿದ್ದ ಪೋಲೆಂಡಿನ ದೇಶಾಂತರ ಸರ್ಕಾರಕ್ಕೂ ತಲುಪಿದ್ದು ಆ ನಂಬಿಕೆಯ ಬಲದಿಂದಲೇ.

ಆ ವರದಿಗಳಿಂದ ಶಿಬಿರದ ಹತ್ಯಾಕಾಂಡ ನಿಲ್ಲಲಿಲ್ಲ ಎಂಬ ಆಕ್ಷೇಪಣೆ ನಿಜ. 1943ರ ಏಪ್ರಿಲ್‌ನಲ್ಲಿ ಶಿಬಿರದ ಹೊರಗಿನ ಬೇಕರಿಯೊಂದರಿಂದ ತಪ್ಪಿಸಿಕೊಂಡ ಪಿಲೆಟ್ಸ್ಕಿ ಶಿಬಿರದ ಮೇಲಿನ ದಾಳಿಗಾಗಿ ವಾದಿಸಿದರೂ, ಪೋಲೆಂಡಿನ ಪ್ರಮುಖ ಭೂಗತ ಪಡೆಯಾದ ಗೃಹಸೇನೆ ತನಗೆ ಅಷ್ಟು ಶಕ್ತಿಯಿಲ್ಲವೆಂದು ಹಿಂಜರಿಯಿತು. ಬಿಡುಗಡೆಯಾಗುವ ಸಾವಿರಾರು ನಿತ್ರಾಣ ಕೈದಿಗಳಿಗೆ ಆಸರೆ ಎಲ್ಲಿ ಎಂಬುದನ್ನು ಯೋಚಿಸಿದರೆ ಆ ಹಿಂಜರಿಕೆಯನ್ನು ಹೇಡಿತನವೆನ್ನಲಾಗದು. ಆದರೆ ವಿಮಾನಬಲವಿದ್ದ ಮಿತ್ರರಾಷ್ಟ್ರಗಳಿಗೆ ಈ ಸಮಾಧಾನ ಒಪ್ಪುವುದಿಲ್ಲ. ಸತ್ಯವನ್ನು ಪ್ರಾಣವೊತ್ತೆಯಿಟ್ಟು ತಲುಪಿಸಿದವನ ಹೊಣೆ ಅಲ್ಲಿಗೆ ತೀರುತ್ತದೆ. ಆಮೇಲಿನ ನಿಷ್ಕ್ರಿಯತೆಯ ಲೆಕ್ಕವನ್ನು ತಿಳಿದೂ ಸುಮ್ಮನಿದ್ದವರೇ ಒಪ್ಪಿಸಬೇಕು.

1944ರ ವಾರ್ಸಾ ದಂಗೆಯಲ್ಲಿ ಹೋರಾಡಿ, ಜರ್ಮನರ ಯುದ್ಧಕೈದಿಯಾಗಿದ್ದು, ಬಿಡುಗಡೆಯ ನಂತರ ಇಟಲಿಯಲ್ಲಿದ್ದ ಪೋಲಿಷ್ ಸೇನೆಯನ್ನು ಸೇರಿದ ಆತ, 1945ರ ಕೊನೆಗೆ ತಾಯ್ನಾಡಿಗೆ ಮರಳಿದ್ದು ಸೋವಿಯತ್ ಬೆಂಬಲದ ಹೊಸ ಆಡಳಿತದ ಬಗ್ಗೆ ಮಾಹಿತಿ ಕಲೆಹಾಕಲು. ಆ ಆಡಳಿತ 1947ರಲ್ಲಿ ಆತನನ್ನು ಬಂಧಿಸಿ, ಗೂಢಚಾರನೆಂದು ಆರೋಪಿಸಿ, 1948ರ ಮೇ 25ರಂದು ಕೊಂದಿತು. ಪಿಲೆಟ್ಸ್ಕಿ ವರದಿ ಮಾಡುತ್ತಿದ್ದುದು ಪರದೇಶಕ್ಕಲ್ಲ, ತನ್ನ ದೇಶದ ನ್ಯಾಯಬದ್ಧ ಅಧಿಕಾರವೆಂದು ತಾನು ನಂಬಿದ್ದ ಪೋಲಿಷ್ ನಾಯಕತ್ವಕ್ಕೆ. 1990ರಲ್ಲಿ ಪೋಲೆಂಡ್ ಆ ಶಿಕ್ಷೆಯನ್ನು ರದ್ದುಗೊಳಿಸಿತು.