ಮಿಂಚುಳ್ಳಿಯ ಹೆಸರಿನ ಬಾಟಲಿ

ನಮ್ಮ ಚೋರನೂರಿನಲ್ಲಿ ಹೈಸ್ಕೂಲು ಓದುವ ಹುಡುಗನನ್ನು ನಿಲ್ಲಿಸಿ ಮಿಂಚುಳ್ಳಿ ಎಂದರೇನು ಎಂದು ಕೇಳಿ. ತಲೆ ಕೆರೆದುಕೊಳ್ಳುತ್ತಾನೆ. ಕೆರೆ ದಂಡೆಯ ಮೇಲೆ ಕುಳಿತು ಮೀನು ಹಿಡಿಯುವ ನೀಲಿ ಹಕ್ಕಿಯಪ್ಪಾ ಎಂದರೂ ಹೊಳೆಯುವುದಿಲ್ಲ. ಅದೇ ಹಕ್ಕಿಯ ಇಂಗ್ಲಿಷ್ ಹೆಸರು ಕಿಂಗ್‌ಫಿಷರ್ ಎನ್ನಿ, ಪಕ್ಕದವನ ಮುಖ ನೋಡಿ ನಗುತ್ತಾನೆ. ಅವನು ಕುಡಿದವನಲ್ಲ, ಕುಡಿದವರ ಮನೆಯವನೂ ಅಲ್ಲ. ಆದರೂ ಆ ಹೆಸರು ಅವನಿಗೆ ಗೊತ್ತು, ಅದರ ಜಿಂಗಲ್ಲಿನ ರಾಗವೂ ಗೊತ್ತು. ಹೇಗೆ ಗೊತ್ತಾಯಿತು ಎಂಬುದನ್ನು ಶರಣ ಬಂಧುಗಳೆಲ್ಲ ಸ್ವಲ್ಪ ವಿಚಾರಿಸಬೇಕಾಗಿದೆ.

ನಮ್ಮ ವ್ಯಸನಮುಕ್ತಿ ಸಭೆಗಳಲ್ಲಿ ಇಂದಿಗೂ ಭಾಷಣವೆಲ್ಲ ಸಾರಾಯಿಯ ಮೇಲೆಯೇ ನಡೆಯುತ್ತದೆ. ಕೂಲಿಯವನು ಸಾರಾಯಿ ಕುಡಿದ, ತಾಳಿ ಅಡವಿಟ್ಟ, ಹೆಂಡತಿ ಮಕ್ಕಳು ಬೀದಿಗೆ ಬಂದರು ಎಂಬ ಅದೇ ಕಥೆ. ಸಾರಾಯಿ ಕರ್ನಾಟಕದಲ್ಲಿ ನಿಷೇಧವಾಗಿದ್ದು 2007ರ ಜುಲೈ 1ರಂದು. ಅಂದು ಹುಟ್ಟಿದ ಮಗು ಈಗ ಕಾಲೇಜು ಮೆಟ್ಟಿಲು ಹತ್ತಿದೆ. ಪಾಕೀಟು ಸಾರಾಯಿ ಎಂದರೆ ಹೇಗಿರುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ನಮ್ಮ ಹಿರಿಯರ ಕಾಲದ ಮಾತು ಇನ್ನೂ ಬೇರೆ. ಮದರಾಸು ಪ್ರಾಂತದಲ್ಲಿ 1948ರಲ್ಲಿ ಪೂರ್ಣ ಪಾನನಿಷೇಧ ಬಂತು. ಬಳ್ಳಾರಿ ಜಿಲ್ಲೆ 1953ರವರೆಗೆ ಆ ಪ್ರಾಂತದಲ್ಲಿಯೇ ಇತ್ತು, ಸಂಡೂರು ಸಂಸ್ಥಾನವೂ 1949ರಲ್ಲಿ ಈ ಜಿಲ್ಲೆಗೆ ಸೇರಿತು. ಆಗ ಕುಡಿಯುವವನು ಕದ್ದು ಕುಡಿಯುತ್ತಿದ್ದ, ನಾಚಿಕೆ ಪಡುತ್ತಿದ್ದ. ಆ ನಾಚಿಕೆಯನ್ನು ತೆಗೆದದ್ದು ಸಾರಾಯಿ ಅಲ್ಲ, ಬೀರು. ಅದರಲ್ಲೂ ಒಂದು ಹೆಸರಿನ ಬೀರು ಈ ಕೆಲಸವನ್ನು ಬಹಳ ಜಾಣತನದಿಂದ ಮಾಡಿತು.

ಅದರ ಚರಿತ್ರೆ ದೂರದ್ದೇನಲ್ಲ, ಬೆಂಗಳೂರಿನದೇ. ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ದಕ್ಷಿಣ ಭಾರತದ ಐದು ಬೀರು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪನಿ ಮಾಡಿದ. ಆ ಐದರಲ್ಲಿ ಹಳೆಯವು 1857ರವು. ಗಿರಾಕಿಗಳು ಯಾರು? ದಂಡು ಪ್ರದೇಶದ ಬಿಳಿ ಸೋಲ್ಜರುಗಳು. ಬೀರು ತುಂಬಿದ ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಅವರಿದ್ದಲ್ಲಿಗೆ ಹೋಗುತ್ತಿದ್ದವು. ಸ್ವಾತಂತ್ರ್ಯ ಬಂದ ವರ್ಷ ವಿಠಲ ಮಲ್ಯ ಆ ಕಂಪನಿಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ಬಿಳಿಯರು ಹೋದರು, ಅವರ ಪಾನೀಯಕ್ಕೆ ನಮ್ಮವರೇ ಗಿರಾಕಿಗಳಾಗಬೇಕಾಯಿತು. ಕಿಂಗ್‌ಫಿಷರ್ ಹೆಸರಿನ ಬೀರು 1978ರಲ್ಲಿ ಮಾರುಕಟ್ಟೆಗೆ ಬಂತು. ವಿಠಲ ಮಲ್ಯರು 1983ರಲ್ಲಿ ತೀರಿಕೊಂಡ ಮೇಲೆ ಮಗ ವಿಜಯ ಮಲ್ಯ ಯಜಮಾನರಾದರು. ಬೆಂಗಳೂರಿನ ವಿಠಲ ಮಲ್ಯ ರಸ್ತೆಯಲ್ಲಿ ಇಂದು ಯುಬಿ ಸಿಟಿ ಎಂಬ ಗಾಜಿನ ಮಹಲು ನಿಂತಿರುವುದು ಹಳೆಯ ಬೀರು ಕಾರ್ಖಾನೆಯ ಜಾಗದಲ್ಲಿಯೇ.

ಮಗನ ಜಾಣತನ ಇರುವುದು ಕಾರ್ಖಾನೆಯಲ್ಲಲ್ಲ, ಹೆಸರಿನಲ್ಲಿ. ಹೆಂಡದ ಜಾಹೀರಾತು ನೇರವಾಗಿಯೂ ಬೇಡ, ಸುತ್ತುಬಳಸಿಯೂ ಬೇಡ ಎಂದು ಕೇಬಲ್ ಟಿವಿ ನಿಯಮಗಳು ಹೇಳುತ್ತವೆ. ಸರಿ, ಬೀರನ್ನು ತೋರಿಸುವುದು ಬೇಡ, ಹೆಸರನ್ನು ತೋರಿಸೋಣ ಎಂದರು. ಅದೇ ಹೆಸರಿನಲ್ಲಿ ಕುಡಿಯುವ ನೀರು ಬಂತು, ಸೋಡಾ ಬಂತು. 2003ರಿಂದ ಅದೇ ಹೆಸರಿನ ಕ್ಯಾಲೆಂಡರ್ ಬಂತು. ಅದರ ಚಿತ್ರಗಳ ವಿಷಯ ಈ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. 2005ರಲ್ಲಿ ಅದೇ ಹೆಸರಿನ ವಿಮಾನ ಹಾರಿತು. ಲೋಕದಲ್ಲಿ ಯಾರಾದರೂ ಜಾಹೀರಾತಿನ ಬೋರ್ಡಿಗೆ ರೆಕ್ಕೆ ಕಟ್ಟಿ ಹಾರಿಸಿದ್ದರೆ ಅದು ಇದೇ ಇರಬೇಕು. ಐಪಿಎಲ್ ಶುರುವಾದಾಗ, 2008ರಲ್ಲಿ, ಬೆಂಗಳೂರು ತಂಡವನ್ನು ಕೊಂಡವರು ಮಲ್ಯರೇ. ನಮ್ಮ ಮನೆಯ ಹೆಣ್ಣುಮಕ್ಕಳೂ ಈಗ ಬಾಯ್ತುಂಬ ಕರೆಯುವ ಆ ತಂಡದ ಹೆಸರು ರಾಯಲ್ ಚಾಲೆಂಜ್ ಎಂಬ ವಿಸ್ಕಿ ಬಾಟಲಿಯಿಂದ ಇಳಿದದ್ದು. ಇದನ್ನು ಹೇಳಿದರೆ ಸಿಟ್ಟಾಗುವವರು ನನ್ನ ಮನೆಯಲ್ಲಿಯೇ ಇದ್ದಾರೆ, ಇರಲಿ.

"ಅದು ನಮ್ಮ ಬೆಂಗಳೂರಿಂದೇ ಐತಲ್ರಿ ದೊಡ್ಡಪ್ಪ, ಕರ್ನಾಟಕದ ಹೆಮ್ಮೆ" ಎಂದ ತಮ್ಮನ ಮಗ ಒಮ್ಮೆ. ಹೆಮ್ಮೆಯ ಲೆಕ್ಕವನ್ನೂ ನೋಡೋಣ. ಆ ಕಂಪನಿಯ ಯಜಮಾನಿಕೆ 2021ರಿಂದ ನೆದರ್ಲೆಂಡ್ಸ್ ದೇಶದ ಹೈನೆಕೆನ್ ಕೈಯಲ್ಲಿದೆ. ಅದೇ ವರ್ಷ ಭಾರತದ ಸ್ಪರ್ಧಾ ಆಯೋಗವು, ಬೀರು ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಕಟ್ಟುತ್ತಿದ್ದವೆಂದು ತೀರ್ಮಾನಿಸಿ ಇದೊಂದಕ್ಕೇ ಸುಮಾರು 752 ಕೋಟಿ ರೂಪಾಯಿ ದಂಡ ಹಾಕಿತು. ವಿಮಾನ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿಯಿತು, ನೌಕರರಿಗೆ ತಿಂಗಳುಗಟ್ಟಲೆ ಪಗಾರವಿರಲಿಲ್ಲ. ಬ್ಯಾಂಕುಗಳಿಗೆ ಸುಮಾರು 9,000 ಕೋಟಿ ಬಾಕಿ ಎಂಬ ಲೆಕ್ಕದ ನಡುವೆ ಯಜಮಾನರು 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. ಅಷ್ಟರಲ್ಲಿ ಕರ್ನಾಟಕದಿಂದ ಎರಡು ಬಾರಿ ರಾಜ್ಯಸಭೆಗೂ ಹೋಗಿ ಬಂದಿದ್ದರು. ಮಹಾತ್ಮ ಗಾಂಧಿಯವರ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ ಬಟ್ಟಲು 2009ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದಾಗ ಕೂಗಿ ಕೊಂಡವರು ಈ ಬೀರಿನ ಯಜಮಾನರೇ. ಪಾನನಿಷೇಧಕ್ಕೆ ಜೀವ ತೇದ ಮುದುಕನ ಕನ್ನಡಕಕ್ಕೂ ಬೀರಿನ ದುಡ್ಡೇ ಬೇಕಾಯಿತು. ಇದಕ್ಕೆ ನಾನೇನೂ ಸೇರಿಸುವುದಿಲ್ಲ.

ಯಜಮಾನರು ಹೋದರೂ ಹೆಸರಿಗೆ ಏನೂ ಆಗಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಅಷ್ಟು ಗಟ್ಟಿಯಾಗಿ ಹಾಕಿದ ಬುನಾದಿ ಅದು. ನಾನು ಸರ್ಕಾರಿ ಇಂಜಿನಿಯರನಾಗಿ ಬುನಾದಿಗಳನ್ನು ನೋಡಿದವನು, ಗಟ್ಟಿಯಾದದ್ದನ್ನು ಗಟ್ಟಿ ಎನ್ನಲೇಬೇಕು.

ಈಗ ನನ್ನ ಕಸುಬಿಗೆ ಸೇರಿದ ಮಾತು, ಅಂದರೆ ಅಳತೆ. ಬೀರು ಎಂದರೆ ಬಾರ್ಲಿ ನೀರು, ಉಷ್ಣಕ್ಕೆ ತಂಪು, ಕಿಡ್ನಿ ಕಲ್ಲಿಗೆ ಮದ್ದು ಎಂದು ವಿಭೂತಿ ಹಚ್ಚಿದ ಹಣೆಯವರ ಬಾಯಲ್ಲಿಯೇ ಕೇಳಿದ್ದೇನೆ. ಬಾಟಲಿಯ ಚೀಟಿ ಓದಿರಿ. 1999ರಲ್ಲಿ ಬಂದ ಸ್ಟ್ರಾಂಗ್ ಬೀರಿನಲ್ಲಿ ಮದ್ಯಸಾರ ಶೇ. 8ರವರೆಗೆ ಇರುತ್ತದೆ. ನಮ್ಮ ದೇಶದಲ್ಲಿ ಹೆಚ್ಚು ಖರ್ಚಾಗುವುದು ಈ ಸ್ಟ್ರಾಂಗೇ. ಬಾಟಲಿ 650 ಮಿಲೀ. ಗುಣಿಸಿದರೆ ಶುದ್ಧ ಮದ್ಯಸಾರ 52 ಮಿಲೀ. ವಿಸ್ಕಿಯಲ್ಲಿ ಮದ್ಯಸಾರ ಶೇ. 42.8. ಬಾರಿನಲ್ಲಿ ಲಾರ್ಜ್ ಎನ್ನುವ 60 ಮಿಲೀ ಪೆಗ್ಗಿನಲ್ಲಿ ಅದು 25.7 ಮಿಲೀ, ಎರಡು ಪೆಗ್ಗಿಗೆ 51.4. ಅಂದರೆ "ನಾನು ಬರೀ ಒಂದು ಬೀರು ತಗೊಂಡೆ" ಎನ್ನುವವನು ಎರಡು ಲಾರ್ಜ್ ವಿಸ್ಕಿ ಏರಿಸಿದ್ದಾನೆ, ಒಂದು ಹನಿ ಕಡಿಮೆಯಿಲ್ಲ. ಮೈಲ್ಡ್ ಎನ್ನುವ ಶೇ. 5ರ ಬಾಟಲಿಯೂ ಒಂದೂಕಾಲು ಪೆಗ್ಗು. ಮದ್ಯಸಾರ ಮೈಯೊಳಗಿನ ನೀರನ್ನು ಹೊರಗೆ ಹಾಕುತ್ತದೆ, ತಂಪು ಮಾಡುವುದಿಲ್ಲ. ಕಲ್ಲು ಕರಗಿಸಬೇಕೆಂದರೆ ಡಾಕ್ಟರ ಹತ್ತಿರ ಹೋಗಿ, ಬೇಕಾದಷ್ಟು ನೀರು ಕುಡಿಯಿರಿ. ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಲು ಐದು ನಿಮಿಷ ಸಾಕು. ತಾಳಿ ಅಡವಿಟ್ಟ ಕಥೆಗಿಂತ ಕಾಲೇಜು ಹುಡುಗರಿಗೆ ಇದು ಬೇಗ ನಾಟುತ್ತದೆ.

ಸರ್ಕಾರ ಏನಾದರೂ ಮಾಡೀತೆಂದು ಕಾಯುವುದರಲ್ಲಿ ಅರ್ಥವಿಲ್ಲ. ರಾಜ್ಯದಲ್ಲಿ 2003ರಿಂದ ಮದ್ಯದ ಸಗಟು ವ್ಯಾಪಾರವನ್ನು ಸರ್ಕಾರದ ನಿಗಮವೇ ನಡೆಸುತ್ತಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟಿದ್ದಾರೆ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಯತ್ನಿಸಿ ಎನ್ನುತ್ತದೆ, ಬಜೆಟ್ಟು ಇನ್ನಷ್ಟು ಮಾರಿ ಎನ್ನುತ್ತದೆ. ಬದಲಿ ಹೆಸರಿನ ಜಾಹೀರಾತು ಕೂಡದೆಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಆಮೇಲಿನ ಕ್ರಿಕೆಟ್ ಪಂದ್ಯಗಳನ್ನು ನೋಡಿದವರಿಗೆ ಅದರ ಫಲ ಎಷ್ಟೆಂದು ಹೇಳಬೇಕಾಗಿಲ್ಲ.

ಮಠಗಳಿಗೆ ಈ ಕೆಲಸ ಹೊಸದಲ್ಲ. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ದುಡ್ಡಿನ ಬದಲು ದುಶ್ಚಟ ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ಆ ಜೋಳಿಗೆಗೆ ಕುಡುಕನು ತನ್ನ ಬಾಟಲಿ ಹಾಕಿದ. ಕುಡಿಯದ ನಾವು ಏನು ಹಾಕಬೇಕು? ಆ ಹೆಸರುಗಳಿಗೆ ನಾವು ಕೊಟ್ಟಿರುವ ಜಾಗವನ್ನು ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಊರುಗಳಲ್ಲಿ ಬೇಸಿಗೆಯ ಕ್ರಿಕೆಟ್ ಟೂರ್ನಮೆಂಟಿಗೆ ಬಾರ್ ಅಂಡ್ ರೆಸ್ಟೋರೆಂಟಿನವರು ಕಪ್ಪು ಕೊಡುತ್ತಾರೆ, ಬ್ಯಾನರಿನಲ್ಲಿ ಸ್ವಾಮಿಗಳ ಭಾವಚಿತ್ರ ಮೇಲೆ, ಬಾರಿನ ಹೆಸರು ಕೆಳಗೆ. ಜಾತ್ರೆಯ ಫ್ಲೆಕ್ಸಿನಲ್ಲಿಯೂ ಹೀಗೇ. ಬಯ್ದರೆ ಹುಡುಗರು, "ಮತ್ತೆ ನೀವೇ ಕೊಡ್ರಿ ರೊಕ್ಕ" ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಒಂದು ಟೂರ್ನಮೆಂಟಿಗೆ ಕಪ್ಪು, ಚೆಂಡು, ಶಾಮಿಯಾನ, ಮಧ್ಯಾಹ್ನದ ಪ್ರಸಾದ ಎಲ್ಲ ಸೇರಿ ಎಷ್ಟಾಗುತ್ತದೆಂದು ಕೂತು ಎಸ್ಟಿಮೇಟ್ ಹಾಕಿದೆ. ನಮ್ಮ ಹೋಬಳಿಯಲ್ಲಿ ಪಿಂಚಣಿ ತೆಗೆದುಕೊಳ್ಳುವ ಮೇಷ್ಟ್ರುಗಳು, ಇಂಜಿನಿಯರುಗಳು, ಬ್ಯಾಂಕಿನವರು ಹತ್ತು ಮಂದಿ ತಲಾ ಮೂರು ಸಾವಿರ ಹಾಕಿದರೆ ಸಾಕು. ನನ್ನ ಮೂರು ಸಾವಿರ ಎತ್ತಿಟ್ಟಿದ್ದೇನೆ. ಬರುವ ಬೇಸಿಗೆಯ ಬ್ಯಾನರಿಗೆ ಇನ್ನು ಒಂಬತ್ತು ಮಂದಿ ಬೇಕು.